ಡಿಸ್ಕ್ ನಿಧಾನ, ಮಧ್ಯೆ ಮಧ್ಯೆ ರೀಸ್ಟಾರ್ಟ್: ಫಾರ್ಮ್ಯಾಟ್ ಮಾಡುವ ಮುಂಚೆ ಇಷ್ಟು ನೋಡಿ

ಒಂದು ಫೋಲ್ಡರ್ ತೆರೆದರೆ ಮೇಲಿನ ಹಸಿರು ಗೆರೆ ತೆವಳುತ್ತಾ ಹೋಗುತ್ತದೆ. ಮೌಸ್ ಆಡುತ್ತದೆ, ಆದರೆ ಕ್ಲಿಕ್ ಮಾಡಿದ್ದಕ್ಕೆ ಏನೂ ಆಗುವುದಿಲ್ಲ. ಕ್ಯಾಬಿನೆಟ್ ಮೇಲಿನ ಡಿಸ್ಕ್ ಲೈಟ್ ಮಿನುಗುವುದು ಬಿಟ್ಟು ಒಂದೇ ಸಮನೆ ಉರಿಯುತ್ತಿರುತ್ತದೆ. ಇದನ್ನೂ ಹೇಗೋ ಸಹಿಸಿಕೊಂಡು ಕೆಲಸ ಮಾಡುತ್ತಿದ್ದರೆ ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ಕಪ್ಪಾಗಿ ಮದರ್‌ಬೋರ್ಡ್ ಲೋಗೋ ಬಂದು ನಿಲ್ಲುತ್ತದೆ. ಸೇವ್ ಮಾಡದೆ ಇದ್ದದ್ದೆಲ್ಲ ಹೋಯಿತು.

ಇಂಥ ಹೊತ್ತಲ್ಲಿ ಸುತ್ತಮುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿಬಿಡಿ. ನಾನು ಹೇಳುವುದು ಇದರ ಉಲ್ಟಾ. ತೊಂದರೆ ಕೇಬಲ್‌ನಲ್ಲೋ ಪವರ್ ಸಪ್ಲೈನಲ್ಲೋ ರ‍್ಯಾಮ್‌ನಲ್ಲೋ ಇದ್ದರೆ ಫಾರ್ಮ್ಯಾಟ್‌ನಿಂದ ಏನೂ ಸರಿಹೋಗುವುದಿಲ್ಲ. ಜೊತೆಗೆ, ಏನಾಯಿತು ಅಂತ ಕಂಪ್ಯೂಟರ್ ತಾನೇ ಬರೆದಿಟ್ಟುಕೊಂಡಿದ್ದ ದಾಖಲೆಯೂ ಅಳಿಸಿ ಹೋಗುತ್ತದೆ. ಅದನ್ನು ಓದೋಕೆ ಅರ್ಧ ಗಂಟೆ ಸಾಕು.

ಇಲ್ಲಿ ಹೇಳುವುದು ವಿಂಡೋಸ್ 10 ಮತ್ತು 11 ಇರುವ ಮನೆ ಡೆಸ್ಕ್‌ಟಾಪ್‌ಗಳ ಬಗ್ಗೆ. ಕೇಬಲ್, ಪವರ್ ಸಪ್ಲೈ ಭಾಗ ಬಿಟ್ಟರೆ ಬಹುತೇಕ ಎಲ್ಲವೂ ಲ್ಯಾಪ್‌ಟಾಪ್‌ಗೂ ಸರಿಹೊಂದುತ್ತದೆ.

ಎರಡೂ ಒಟ್ಟಿಗೆ ಯಾಕೆ ಬರುತ್ತವೆ

ನಿಧಾನ ಮತ್ತು ರೀಸ್ಟಾರ್ಟ್ ಎರಡೂ ಒಂದೇ ಹೊತ್ತಿಗೆ ಶುರುವಾಗಿದ್ದರೆ ಮೂರು ದಾರಿ ಇರುತ್ತವೆ. ಮೊದಲನೆಯದು, ಡಿಸ್ಕೇ ಹಾಳಾಗುತ್ತಿದೆ. ವಿಂಡೋಸ್ ರ‍್ಯಾಮ್‌ನಲ್ಲಿ ಜಾಗ ಸಾಲದಾಗ ಒಂದಷ್ಟನ್ನು ಡಿಸ್ಕ್‌ನ ಪೇಜ್ ಫೈಲ್‌ಗೆ ಹಾಕಿಡುತ್ತದೆ. ಆಮೇಲೆ ವಾಪಸ್ ಕೇಳಿದಾಗ ಡಿಸ್ಕ್ ಕೊಡದೇ ಹೋದರೆ ವಿಂಡೋಸ್‌ಗೆ ಬೇರೆ ದಾರಿ ಇಲ್ಲ, ನೀಲಿ ಸ್ಕ್ರೀನ್ (ಹೊಸ ವಿಂಡೋಸ್ 11ರಲ್ಲಿ ಅದು ಕಪ್ಪು) ತೋರಿಸಿ ರೀಸ್ಟಾರ್ಟ್ ಆಗುತ್ತದೆ.

ಎರಡನೆಯದು, ಡಿಸ್ಕ್ ಚೆನ್ನಾಗಿಯೇ ಇದೆ, ಅದಕ್ಕೆ ಬರುವ ಕರೆಂಟ್ ಸರಿ ಇಲ್ಲ. ಡೆಸ್ಕ್‌ಟಾಪ್‌ನ 3.5 ಇಂಚಿನ ಹಾರ್ಡ್ ಡಿಸ್ಕ್‌ನ ಮೋಟರ್ 12 ವೋಲ್ಟ್ ಮೇಲೆ ತಿರುಗುತ್ತದೆ. ಪವರ್ ಸಪ್ಲೈ ಸುಸ್ತಾಗಿ 12 ವೋಲ್ಟ್ ಕುಸಿದರೆ ಮೋಟರ್ ವೇಗ ತಪ್ಪುತ್ತದೆ, ಡಿಸ್ಕ್ ತನ್ನ ಓದುವ-ಬರೆಯುವ ಹೆಡ್ ಅನ್ನು ಟಕ್ ಅಂತ ಪಕ್ಕಕ್ಕೆ ಸರಿಸಿ ಮತ್ತೆ ಮೊದಲಿನಿಂದ ತಿರುಗೋಕೆ ಶುರು ಮಾಡುತ್ತದೆ, ಅಷ್ಟು ಹೊತ್ತೂ ವಿಂಡೋಸ್ ಕಾಯುತ್ತಾ ಕೂರುತ್ತದೆ. ಕುಸಿತ ಇನ್ನೂ ಸ್ವಲ್ಪ ಜಾಸ್ತಿಯಾದರೆ ಮದರ್‌ಬೋರ್ಡೇ ರೀಸೆಟ್ ಆಗುತ್ತದೆ. ಎಷ್ಟೋ ಒಳ್ಳೆಯ ಡಿಸ್ಕ್‌ಗಳು ಈ ಕಾರಣಕ್ಕೇ ‘ಹಾಳಾಗಿದೆ’ ಅನ್ನಿಸಿಕೊಂಡು ಹೊರಗೆ ಹೋಗಿವೆ.

ಮೂರನೆಯದು, ಎರಡಕ್ಕೂ ಸಂಬಂಧವೇ ಇಲ್ಲ. ರ‍್ಯಾಮ್ ಕಡಿಮೆ ಇರುವುದರಿಂದ ನಿಧಾನ, ಯುಪಿಎಸ್ ಬ್ಯಾಟರಿ ಸತ್ತಿರುವುದರಿಂದ ರೀಸ್ಟಾರ್ಟ್. ಇದೂ ಅಪರೂಪವೇನಲ್ಲ. ಆದ್ದರಿಂದ ಮೊದಲೇ ಒಂದು ತೀರ್ಮಾನಕ್ಕೆ ಬಂದುಬಿಡಬೇಡಿ.

ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಿರಿ

ಹಾಳಾಗುತ್ತಿರುವ ಡಿಸ್ಕ್ ಎಷ್ಟು ದಿನ ಇರುತ್ತದೆ ಅಂತ ಯಾರಿಗೂ ಹೇಳೋಕೆ ಆಗುವುದಿಲ್ಲ. ಹಾಗಾಗಿ ಪರೀಕ್ಷೆ ಆಮೇಲೆ, ಕಾಪಿ ಮೊದಲು. ಒಂದು ಎಕ್ಸ್‌ಟರ್ನಲ್ ಡ್ರೈವ್ ಹಾಕಿ, ಕಳೆದುಹೋದರೆ ಮತ್ತೆ ಸಿಗದ ಫೈಲ್‌ಗಳಿಂದ ಶುರು ಮಾಡಿ: ಫೋಟೋಗಳು, ಕೆಲಸದ ಫೈಲ್‌ಗಳು, ಸ್ಕ್ಯಾನ್ ಮಾಡಿಟ್ಟ ದಾಖಲೆಗಳು. ಸಿನಿಮಾ, ಗೇಮ್, ಇನ್‌ಸ್ಟಾಲರ್‌ಗಳು ಕೊನೆಗೆ. ಇಡೀ ಡ್ರೈವ್ ಒಟ್ಟಿಗೆ ಸೆಲೆಕ್ಟ್ ಮಾಡಿ ಎಳೆಯಬೇಡಿ. ಒಂದು ಕೆಟ್ಟ ಫೈಲ್ ಹತ್ತಿರ ಎಲ್ಲವೂ ಸಿಕ್ಕಿಕೊಂಡು ನಿಲ್ಲುತ್ತದೆ. ಫೋಲ್ಡರ್ ಫೋಲ್ಡರ್ ಆಗಿ ಕಾಪಿ ಮಾಡಿ, ಸಿಕ್ಕಿಕೊಂಡ ಫೈಲ್‌ಗೆ ಸ್ಕಿಪ್ ಒತ್ತಿ ಮುಂದೆ ಹೋಗಿ. ಕಟ್ ಮಾಡಬೇಡಿ, ಕಾಪಿಯೇ ಮಾಡಿ.

ಬಹಳ ಜನ ಮರೆಯುವ ಒಂದು ವಿಷಯ: ಬಿಟ್‌ಲಾಕರ್ ರಿಕವರಿ ಕೀ. ಈಗಿನ ಅನೇಕ ಕಂಪ್ಯೂಟರ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯಾಸ್ (ವಿಂಡೋಸ್‌ಗೂ ಮುಂಚೆ ಓಡುವ, ಮದರ್‌ಬೋರ್ಡ್‌ನ ಸ್ವಂತ ಪ್ರೋಗ್ರಾಮ್) ಸೆಟ್ಟಿಂಗ್ ಬದಲಿಸಿದರೂ, ಡಿಸ್ಕ್ ತೆಗೆದು ಬೇರೆ ಕಡೆ ಹಾಕಿದರೂ 48 ಅಂಕಿಗಳ ಆ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಅದು ಆ ಅಕೌಂಟ್‌ನಲ್ಲೇ ಉಳಿದಿರುತ್ತದೆ. ಈಗಲೇ ನೋಡಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಕಾಪಿ ಮುಗಿಯುವ ತನಕ ಮೂರು ಕೆಲಸ ಮಾಡಲೇಬೇಡಿ: ಡಿಫ್ರಾಗ್, ಪೂರ್ತಿ ಆಂಟಿವೈರಸ್ ಸ್ಕ್ಯಾನ್, ಚೆಕ್ ಡಿಸ್ಕ್ ರಿಪೇರಿ. ಮೂರೂ ಡಿಸ್ಕ್‌ನ ಮೂಲೆ ಮೂಲೆ ಕೆದಕುತ್ತವೆ. ಸಾಯುತ್ತಿರುವ ಡಿಸ್ಕ್‌ಗೆ ಅಷ್ಟೇ ಸಾಕಾಗಬಹುದು.

ಡಿಸ್ಕ್‌ನಿಂದ ಕ್ಲಿಕ್ ಕ್ಲಿಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ಅಥವಾ ಕೀರಲು ಸದ್ದು ಇದ್ದರೆ, ಒಳಗಿರುವುದು ನಿಮಗೆ ಅಷ್ಟು ಮುಖ್ಯ ಅನ್ನಿಸಿದರೆ, ಅಲ್ಲಿಗೇ ಆಫ್ ಮಾಡಿ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗಿ. ಫ್ರಿಜ್‌ನಲ್ಲಿಡುವುದು, ಮುಚ್ಚಳ ಬಿಚ್ಚಿ ನೋಡುವುದು ಇವೆಲ್ಲ ಬೇಡ. ಹೆಡ್ ಮತ್ತು ತಟ್ಟೆಯ ನಡುವೆ ಇರುವ ಅಂತರ ಕೆಲವೇ ನ್ಯಾನೋಮೀಟರ್, ಅಲ್ಲಿ ಧೂಳಿನ ಒಂದು ಕಣವೂ ದೊಡ್ಡ ಬಂಡೆಯೇ.

ಕಾಪಿ ಮಧ್ಯದಲ್ಲೇ ರೀಸ್ಟಾರ್ಟ್ ಆಗುತ್ತಿದ್ದರೆ ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರ್‌ಗೆ ಹಾಕಿ. ಲ್ಯಾಪ್‌ಟಾಪ್‌ನ 2.5 ಇಂಚಿನದಕ್ಕೆ ಯುಎಸ್‌ಬಿ ಕರೆಂಟ್ ಸಾಕು. 3.5 ಇಂಚಿನದಕ್ಕೆ 12 ವೋಲ್ಟ್ ಬೇಕಾದ್ದರಿಂದ ಪ್ರತ್ಯೇಕ ಪವರ್ ಅಡಾಪ್ಟರ್ ಇರುವುದನ್ನೇ ತೆಗೆದುಕೊಳ್ಳಿ. ಅಲ್ಲಿ ಡಿಸ್ಕ್ ಆರಾಮಾಗಿ ಓಡಿದರೆ ನಿಮಗೆ ಪುಕ್ಕಟೆಯಾಗಿ ಒಂದು ಸುಳಿವೂ ಸಿಕ್ಕ ಹಾಗಾಯಿತು: ತಪ್ಪು ಡಿಸ್ಕ್‌ನದ್ದಲ್ಲ, ಹಳೆಯ ಡಬ್ಬದ್ದು.

ಯಾವ ಥರದ ರೀಸ್ಟಾರ್ಟ್ ಅಂತ ಪತ್ತೆ ಮಾಡಿ

ರೀಸ್ಟಾರ್ಟ್ ಅಂದರೆ ಎಲ್ಲವೂ ಒಂದೇ ಅಲ್ಲ. ನೀಲಿ ಸ್ಕ್ರೀನ್ ಬಂದು ಆಗುವುದು ಒಂದು. ವಿದ್ಯುತ್ ಹೋದ ಹಾಗೆ ಫಟ್ ಅಂತ ಆಗುವುದು ಇನ್ನೊಂದು. ಅಪ್‌ಡೇಟ್ ಮುಗಿಸಿಕೊಂಡು ವಿಂಡೋಸ್ ತಾನೇ ಆಗುವುದು ಮತ್ತೊಂದು. ತೊಡಕು ಏನೆಂದರೆ, ನೀಲಿ ಸ್ಕ್ರೀನ್ ಕೆಲವೊಮ್ಮೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗಿರುತ್ತದೆ, ಹಾಗಾಗಿ ಅದೂ ಫಟ್ ಅಂತ ಆದ ಹಾಗೆಯೇ ಕಾಣುತ್ತದೆ.

ಮೊದಲು ಅದನ್ನು ನಿಲ್ಲಿಸಿ. ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ ತೆರೆಯಿರಿ. ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಇನ್ನು ಮುಂದೆ ನೀಲಿ ಸ್ಕ್ರೀನ್ ಬಂದರೆ ಅದು ಅಲ್ಲೇ ನಿಲ್ಲುತ್ತದೆ, ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಟಿಕ್ ತೆಗೆದ ಮೇಲೂ ಫಟ್ ಅಂತಲೇ ರೀಸ್ಟಾರ್ಟ್ ಆದರೆ ಅನುಮಾನ ಪವರ್ ಕಡೆಗೆ ಜೋರಾಗಿ ತಿರುಗುತ್ತದೆ.

ಈಗ ಇವೆಂಟ್ ವ್ಯೂವರ್. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅಲ್ಲೇ ಸಿಗುತ್ತದೆ. ಎಡಗಡೆ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’. ಕೆಂಪು ಗುರುತುಗಳ ಸಾಲು ನೋಡಿ ಹೆದರಬೇಡಿ, ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಅವು ಬೇಕಾದಷ್ಟು ಇರುತ್ತವೆ. ನೀವು ನೋಡಬೇಕಾದದ್ದು ರೀಸ್ಟಾರ್ಟ್ ಆದ ಸಮಯದ ಹತ್ತಿರ ಇರುವ ಕೆಲವೇ ನಂಬರ್‌ಗಳು.

1074 ಇದ್ದರೆ ಯಾವುದೋ ಪ್ರೋಗ್ರಾಮ್ ಅಥವಾ ಅಪ್‌ಡೇಟ್ ಕೇಳಿಕೊಂಡು ಮಾಡಿದ ಮಾಮೂಲಿ ರೀಸ್ಟಾರ್ಟ್. ಯಾರು ಮಾಡಿದ್ದು ಅಂತಲೂ ಅದರಲ್ಲೇ ಬರೆದಿರುತ್ತದೆ. ವಿಂಡೋಸ್ ಅಪ್‌ಡೇಟ್‌ನಲ್ಲಿ ‘ಆ್ಯಕ್ಟಿವ್ ಅವರ್ಸ್’ ಸರಿ ಮಾಡಿದರೆ ಈ ಕಥೆ ಮುಗಿಯಿತು.

6008 ಅಂದರೆ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ, ಅಷ್ಟೇ. ನಮಗೆ ಹೆಚ್ಚು ಬೇಕಾದದ್ದು ‘ಕರ್ನಲ್ ಪವರ್’ ಹೆಸರಿನ 41. ಹೆಸರಲ್ಲಿ ಪವರ್ ಇದೆ ಅಂತ ಪವರ್ ಸಪ್ಲೈ ಹಾಳಾಗಿದೆ ಅಂದುಕೊಳ್ಳುವವರು ಬಹಳ ಜನ. ಅದು ಹಾಗಲ್ಲ. ಸರಿಯಾಗಿ ಮುಚ್ಚದೆ ರೀಸ್ಟಾರ್ಟ್ ಆಯಿತು ಅನ್ನುವುದನ್ನಷ್ಟೇ ಅದೂ ಹೇಳುವುದು. ಆದರೆ ಅದರ ‘ಡೀಟೇಲ್ಸ್’ ಟ್ಯಾಬ್ ತೆರೆದರೆ ‘ಬಗ್‌ಚೆಕ್ ಕೋಡ್’ ಅನ್ನುವ ಸಾಲು ಇರುತ್ತದೆ. ವಿಷಯ ಇರುವುದೇ ಅಲ್ಲಿ.

ಅಲ್ಲಿ 0 ಇದ್ದರೆ ನೀಲಿ ಸ್ಕ್ರೀನ್ ದಾಖಲಾಗಿಲ್ಲ. ಕರೆಂಟ್ ಕಡಿತ, ಪವರ್ ಸಪ್ಲೈ, ರೀಸೆಟ್ ಬಟನ್, ಅಥವಾ ಪೂರ್ತಿ ಹ್ಯಾಂಗ್ ಆಗಿದ್ದಾಗ ನೀವೇ ಬಟನ್ ಒತ್ತಿದ್ದು, ಇವುಗಳಲ್ಲಿ ಒಂದು. 122 ಇದ್ದರೆ ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’, ನಾನು ಮೇಲೆ ಹೇಳಿದ ಪೇಜ್ ಫೈಲ್ ಕಥೆ, ಡಿಸ್ಕ್ ಅಥವಾ ಅದರ ಕೇಬಲ್ ಮೇಲೆ ನೇರ ಅನುಮಾನ. 36 ಅಂದರೆ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್, ಅಂದರೆ ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ ತೊಂದರೆ. 26 ಇದ್ದರೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ರ‍್ಯಾಮ್ ಪರೀಕ್ಷೆ ಮಾಡಿ. 292 ಅಂದರೆ ‘ವೀಯಾ (WHEA) ಅನ್‌ಕರೆಕ್ಟಬಲ್ ಎರರ್’, ಹಾರ್ಡ್‌ವೇರೇ ದೂರು ಕೊಟ್ಟಿದೆ ಅಂತ: ಪ್ರೊಸೆಸರ್, ಬಿಸಿ, ಓವರ್‌ಕ್ಲಾಕ್, ವೋಲ್ಟೇಜ್, ಕೆಲವೊಮ್ಮೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್). 307 ಬಂದರೆ ಡ್ರೈವರ್ ಒಂದು ಸಮಯಕ್ಕೆ ಕೆಲಸ ಮುಗಿಸಲಿಲ್ಲ. ಎಸ್‌ಎಸ್‌ಡಿಯ ಫರ್ಮ್‌ವೇರ್ (ಅದರೊಳಗೇ ಇರುವ ಪ್ರೋಗ್ರಾಮ್) ಮತ್ತು ಸ್ಟೋರೇಜ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ.

ಒಂದು ಎಚ್ಚರಿಕೆ. ಡಿಸ್ಕೇ ಕೈಕೊಟ್ಟ ಹೊತ್ತಲ್ಲಿ ವಿಂಡೋಸ್‌ಗೆ ಡಂಪ್ ಫೈಲ್ (ನೀಲಿ ಸ್ಕ್ರೀನ್ ಬಂದಾಗ ಬರೆದಿಡುವ ದಾಖಲೆ) ಬರೆಯೋಕೂ ಜಾಗ ಇರುವುದಿಲ್ಲ ಅಲ್ವಾ. ಆದ್ದರಿಂದ ಡಂಪ್ ಇಲ್ಲ ಅಂದಮಾತ್ರಕ್ಕೆ ಡಿಸ್ಕ್ ನಿರಪರಾಧಿ ಅಂತಲ್ಲ.

ಅದೇ ಲಾಗ್‌ನಲ್ಲಿ ಡಿಸ್ಕ್ ಅಥವಾ ಸ್ಟೋರೇಜ್ ಡ್ರೈವರ್ ಹೆಸರಿನ ಸಾಲುಗಳನ್ನೂ ಹುಡುಕಿ. 7 ಅಂದರೆ ಬ್ಯಾಡ್ ಬ್ಲಾಕ್, ಡಿಸ್ಕ್‌ನಲ್ಲಿ ಕೆಟ್ಟ ಜಾಗ. 153 ಅಂದರೆ ಕೇಳಿದ್ದು ಸಿಗದೆ ಮತ್ತೆ ಕೇಳಬೇಕಾಯಿತು. 129 ಅಂದರೆ ಡಿಸ್ಕ್ ಉತ್ತರವನ್ನೇ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು. 11 ಅಂದರೆ ಕಂಟ್ರೋಲರ್ ಎರರ್. 7 ಪದೇ ಪದೇ ಬರುತ್ತಿದ್ದರೆ ಡಿಸ್ಕ್, 129 ಮತ್ತು 11 ಬರುತ್ತಿದ್ದರೆ ಕೇಬಲ್ ಅಥವಾ ಪವರ್ ಅನ್ನುವುದು ನನ್ನ ಮೊದಲ ಊಹೆ. ಊಹೆ ಅಷ್ಟೇ, ತೀರ್ಪಲ್ಲ.

ಇಷ್ಟೆಲ್ಲ ನಂಬರ್ ನೋಡೋಕೆ ಬೇಜಾರಾದರೆ ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ ಹಿಸ್ಟರಿ’ ಅಂತ ಹುಡುಕಿ. ದಿನದ ಲೆಕ್ಕದಲ್ಲಿ ಒಂದು ಗ್ರಾಫ್ ಬರುತ್ತದೆ. ತೊಂದರೆ ಶುರುವಾದ ದಿನ ಯಾವ ಡ್ರೈವರ್ ಅಥವಾ ಪ್ರೋಗ್ರಾಮ್ ಹೊಸದಾಗಿ ಬಂತು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ನಿಜವಾಗಿ ನಿಧಾನವಾಗಿರುವುದು ಡಿಸ್ಕೇನಾ?

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಡಿಸ್ಕ್ ನೋಡಿ. ಆ್ಯಕ್ಟಿವ್ ಟೈಮ್ 100% ಅಂತ ಕಂಡ ತಕ್ಷಣ ಡಿಸ್ಕ್ ಹೋಯಿತು ಅಂದುಕೊಳ್ಳಬೇಡಿ. ಹಾರ್ಡ್ ಡಿಸ್ಕ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಓದೋಕೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು 100 ಸಲ. ಚೆಲ್ಲಾಪಿಲ್ಲಿಯಾಗಿರುವ 4 ಕೆಬಿ ತುಣುಕುಗಳನ್ನು ಓದುತ್ತಿದ್ದರೆ ಸೆಕೆಂಡಿಗೆ ಸಿಗುವುದೇ 400 ಕೆಬಿ. ಡಿಸ್ಕ್ ಪೂರ್ತಿ ಆರೋಗ್ಯವಾಗಿದ್ದರೂ 100% ತೋರಿಸಿ ಅಷ್ಟೇ ಕೊಡುತ್ತದೆ! ಬೂಟ್ ಆದ ಮೊದಲ ಐದು ಹತ್ತು ನಿಮಿಷ ಹೀಗೆ ಇರುವುದು ಹಾರ್ಡ್ ಡಿಸ್ಕ್‌ನ ಹಣೆಬರಹ, ಕಾಯಿಲೆ ಅಲ್ಲ.

ನೋಡಬೇಕಾದ ನಂಬರ್ ಅದರ ಪಕ್ಕದಲ್ಲಿದೆ: ಆ್ಯವರೇಜ್ ರೆಸ್ಪಾನ್ಸ್ ಟೈಮ್. ಹತ್ತಿಪ್ಪತ್ತು ಮಿಲಿಸೆಕೆಂಡ್ ಇದ್ದರೆ ಪರವಾಗಿಲ್ಲ, ಕೆಲಸ ಜಾಸ್ತಿ ಇದ್ದಾಗ ನೂರು ದಾಟಿದರೂ ಸರಿ. ಕೆಲಸ ಏನೂ ಇಲ್ಲದಾಗಲೂ ಸಾವಿರಗಟ್ಟಲೆ ತೋರಿಸುತ್ತಿದ್ದರೆ, ಅಂದರೆ ಒಂದೊಂದು ಸಣ್ಣ ಪ್ರಶ್ನೆಗೂ ಸೆಕೆಂಡುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ, ಡಿಸ್ಕ್ ಎಲ್ಲೋ ತಿಣುಕಾಡುತ್ತಿದೆ. ಮಾಸಿದ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಮತ್ತೆ ಮತ್ತೆ ಓದುವ ಹಾಗೆ, ಡಿಸ್ಕ್ ಒಂದು ಕೆಟ್ಟ ಸೆಕ್ಟರ್ (ಡೇಟಾ ಇಡುವ ಸಣ್ಣ ತುಣುಕು ಜಾಗ) ಅನ್ನು ಬಿಡದೆ ಓದೋಕೆ ನೋಡುತ್ತಿರುತ್ತದೆ. ಅಷ್ಟು ಹೊತ್ತೂ ಉಳಿದವರೆಲ್ಲ ಸಾಲಿನಲ್ಲಿ ನಿಂತಿರಬೇಕು.

ಇನ್ನೊಂದು ಸುಲಭ ಪರೀಕ್ಷೆ: ಒಂದೆರಡು ಜಿಬಿಯ ಒಂದೇ ದೊಡ್ಡ ಫೈಲ್ ಅನ್ನು ಕಾಪಿ ಮಾಡಿ, ಬರುವ ಕಿಟಕಿಯಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿ ಗ್ರಾಫ್ ನೋಡಿ. ಒಳ್ಳೆಯ ಹಾರ್ಡ್ ಡಿಸ್ಕ್‌ನಿಂದ ಬೇರೆ ಡ್ರೈವ್‌ಗೆ ಸಾಮಾನ್ಯವಾಗಿ ಸೆಕೆಂಡಿಗೆ 80ರಿಂದ 150 ಎಂಬಿ ಬರುತ್ತದೆ. ಗ್ರಾಫ್ ಸೊನ್ನೆಗೆ ಬಿದ್ದು, ಸ್ವಲ್ಪ ಹೊತ್ತು ಅಲ್ಲೇ ಮಲಗಿ, ಮತ್ತೆ ಏಳುತ್ತಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ.

ಇದರ ಜೊತೆ ಮೆಮೊರಿ ಟ್ಯಾಬ್ ನೋಡದೆ ಬಿಡಬೇಡಿ. 4 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಹತ್ತು ಟ್ಯಾಬ್ ತೆರೆದರೆ ಸಾಕು, ವಿಂಡೋಸ್ ಪೇಜ್ ಫೈಲ್‌ಗೆ ಹಾಕುತ್ತಾ ತೆಗೆಯುತ್ತಾ ಡಿಸ್ಕ್ ಅನ್ನು ಹಣ್ಣು ಮಾಡುತ್ತದೆ. ನೋಡೋಕೆ ಡಿಸ್ಕ್ ತೊಂದರೆ, ನಿಜವಾಗಿ ರ‍್ಯಾಮ್ ಸಾಲದಿರುವುದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕು ಅಂತ ಹೇಳಿದ್ದಾರೆ, ಆದರೆ ಅದು ಓಡೋಕೆ ಸಾಕು, ಬಳಸೋಕಲ್ಲ. 8 ಜಿಬಿ ಇಲ್ಲದೆ ನೆಮ್ಮದಿ ಇಲ್ಲ.

ಯಾವ ಪ್ರೋಗ್ರಾಮ್ ಡಿಸ್ಕ್ ಹಿಡಿದು ಕೂತಿದೆ ಅಂತ ನೋಡೋಕೆ ‘ರಿಸೋರ್ಸ್ ಮಾನಿಟರ್’ ತೆರೆದು ಡಿಸ್ಕ್ ಟ್ಯಾಬ್‌ಗೆ ಹೋಗಿ. ಫೈಲ್ ಹೆಸರಿನ ಸಮೇತ ಕಾಣುತ್ತದೆ. ಅಪ್‌ಡೇಟ್, ಸರ್ಚ್ ಇಂಡೆಕ್ಸ್, ಆಂಟಿವೈರಸ್, ಕ್ಲೌಡ್ ಸಿಂಕ್, ಇವೇ ಮಾಮೂಲಿ ಗಿರಾಕಿಗಳು. ಎರಡೆರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಒಂದನ್ನು ತೆಗೆಯಿರಿ. ಸಿ ಡ್ರೈವ್ ಕಂಠಮಟ್ಟ ತುಂಬಿದ್ದರೆ 15-20% ಆದರೂ ಖಾಲಿ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಬಂದಾಗ ಮಾತ್ರ ಕೆಲವು ಸೆಕೆಂಡ್ ಸಿಕ್ಕಿಕೊಂಡು ಆಮೇಲೆ ಸರಾಗವಾಗಿ ಓಡುತ್ತದೆ ಅಂದರೆ, ಪವರ್ ಪ್ಲಾನ್‌ನಲ್ಲಿ ಡಿಸ್ಕ್ ಅನ್ನು ನಿದ್ದೆಗೆ ಕಳಿಸುವ ಸೆಟ್ಟಿಂಗ್ ಇರುತ್ತದೆ, ಸಾಮಾನ್ಯವಾಗಿ 20 ನಿಮಿಷ. ಅದೊಂದು ಕಾರಣ ಅಷ್ಟೇ.

ಡಿಸ್ಕ್‌ನ ಆರೋಗ್ಯ ಪತ್ರ

ಪ್ರತಿ ಡಿಸ್ಕ್ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ಓದೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಸಾಕು. ಮೇಲೆ ದೊಡ್ಡದಾಗಿ ‘ಗುಡ್’, ‘ಕಾಷನ್’, ‘ಬ್ಯಾಡ್’ ಅಂತ ಬರುತ್ತದೆ. ಅಲ್ಲಿಗೇ ಮುಚ್ಚಬೇಡಿ. ‘ಗುಡ್’ ಅಂತ ಇದ್ದೂ ಸತ್ತ ಡಿಸ್ಕ್‌ಗಳು ಬೇಕಾದಷ್ಟಿವೆ. ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ಸಾಕು.

05: ಕೆಟ್ಟುಹೋಗಿ ಬೇರೆ ಕಡೆಗೆ ಬದಲಿಸಿದ ಸೆಕ್ಟರ್‌ಗಳ ಸಂಖ್ಯೆ.
ಸಿ5: ಓದೋಕೆ ಆಗದೆ ಇನ್ನೂ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. ನಿಧಾನವಾಗಿರುವ ಡಿಸ್ಕ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ.
ಸಿ6: ಏನು ಮಾಡಿದರೂ ಓದೋಕೆ ಆಗದವು.
ಸಿ7: ಕೇಬಲ್ ದಾರಿಯಲ್ಲಿ ಡೇಟಾ ಕೆಟ್ಟು ಮತ್ತೆ ಕಳಿಸಬೇಕಾದ ಸಲ.

‘ರಾ ವ್ಯಾಲ್ಯೂ’ ಕಾಲಂ ನೋಡಿ. ಅದು ಮಾಮೂಲಿ ಲೆಕ್ಕದಲ್ಲಿರದೆ ಹೆಕ್ಸ್‌ನಲ್ಲಿ (16ರ ಲೆಕ್ಕ) ಇರುತ್ತದೆ, ಫಂಕ್ಷನ್ ಮೆನುವಿನಿಂದ ಬದಲಿಸಬಹುದು. ಮೊದಲ ಮೂರರಲ್ಲಿ ಸೊನ್ನೆ ಇರಬೇಕು. 05ರಲ್ಲಿ ಸಣ್ಣ ಸಂಖ್ಯೆ ಇದ್ದು ಅಲ್ಲೇ ನಿಂತಿದ್ದರೆ ಸ್ವಲ್ಪ ದಿನ ಕಣ್ಣಿಟ್ಟಿರಬಹುದು. ವಾರ ವಾರಕ್ಕೂ ಏರುತ್ತಿದ್ದರೆ, ಅಥವಾ ಸಿ5, ಸಿ6ರಲ್ಲಿ ಸಂಖ್ಯೆ ಕಂಡರೆ, ಡಿಸ್ಕ್ ಬದಲಿಸಿ. ಅದರ ಜೊತೆ ಗುದ್ದಾಡೋಕೆ ಹೋಗಬೇಡಿ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಸಂಖ್ಯೆ ಭಾರಿ ದೊಡ್ಡದಾಗಿ ಕಾಣುತ್ತದೆ, ಅವರು ಬರೆದಿಡುವ ರೀತಿಯೇ ಹಾಗೆ, ಗಾಬರಿ ಬೇಡ.

ಸಿ7 ಮಾತ್ರ ಬೇರೆ. ಅದು ಡಿಸ್ಕ್‌ನ ದೋಷವನ್ನಲ್ಲ, ಕೇಬಲ್‌ನ ದೋಷವನ್ನು ಹೇಳುತ್ತದೆ. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಕಡಿಮೆ ಆಗುವುದಿಲ್ಲ, ಏರುವುದು ನಿಲ್ಲುತ್ತದೆ ಅಷ್ಟೇ. ಇದು ಗೊತ್ತಿಲ್ಲದೆ ಹೊಸ ಕೇಬಲ್ ಹಾಕಿದರೂ ಸರಿಹೋಗಿಲ್ಲ ಅಂತ ಡಿಸ್ಕ್ ಎಸೆಯುವವರಿದ್ದಾರೆ. ಇವತ್ತಿನ ಸಂಖ್ಯೆ ಬರೆದಿಟ್ಟುಕೊಂಡು ಒಂದು ವಾರ ಬಿಟ್ಟು ನೋಡಿ.

ಎಸ್‌ಎಸ್‌ಡಿ ಆದರೆ ಸಾಲುಗಳು ಬೇರೆ ಇರುತ್ತವೆ. ಉಳಿದಿರುವ ಆಯಸ್ಸು ಶೇಕಡಾ ಲೆಕ್ಕದಲ್ಲಿ ಕಾಣುತ್ತದೆ, ಜೊತೆಗೆ ‘ಮೀಡಿಯಾ ಎರರ್ಸ್’ ಸೊನ್ನೆ ಇದೆಯಾ ನೋಡಿ.

ಕ್ಯಾಬಿನೆಟ್ ಬಿಚ್ಚುವ ಹೊತ್ತು

ಶಟ್‌ಡೌನ್ ಮಾಡಿ, ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಕೈಹಾಕುವ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ.

ಡಿಸ್ಕ್‌ಗೆ ಎರಡು ವೈರ್ ಬರುತ್ತವೆ. ಸಣ್ಣದು ಡೇಟಾ ಕೇಬಲ್, ಅಗಲವಾದದ್ದು ಪವರ್. ಎರಡನ್ನೂ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಸುಮ್ನೆ ಇಷ್ಟಕ್ಕೇ ಸರಿಹೋಗುವ ಕೇಸ್‌ಗಳು ಎಷ್ಟೋ. ಡೇಟಾ ಕೇಬಲ್ ಮಡಚಿಕೊಂಡಿದ್ದರೆ ಅಥವಾ ತುದಿ ಸಡಿಲ ಇದ್ದರೆ, ಲಾಕ್ ಕ್ಲಿಪ್ ಇರುವ ಹೊಸದು ಹಾಕಿ, ಮದರ್‌ಬೋರ್ಡ್‌ನ ಬೇರೆ ಪೋರ್ಟ್‌ಗೆ ಚುಚ್ಚಿ. ಪವರ್ ಕೂಡ ಬೇರೆ ವೈರ್‌ನಿಂದ ಕೊಟ್ಟು ನೋಡಿ. ಹಳೆಯ ನಾಲ್ಕು ಪಿನ್‌ನಿಂದ ಸಾಟಾಗೆ (ಈಗಿನ ಡಿಸ್ಕ್‌ಗಳ ಕನೆಕ್ಟರ್) ಬದಲಿಸುವ ಪುಟ್ಟ ಅಡಾಪ್ಟರ್ ಮಧ್ಯದಲ್ಲಿದ್ದರೆ ಅದನ್ನು ಕಿತ್ತುಹಾಕಿ, ಅಚ್ಚು ಹೊಯ್ದ ಪ್ಲಾಸ್ಟಿಕ್ ತುದಿಯ ಅಂಥ ಅಡಾಪ್ಟರ್‌ಗಳು ಶಾರ್ಟ್ ಆಗಿ ಕರಗಿದ ಉದಾಹರಣೆಗಳಿವೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್, ಪೋರ್ಟ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಈಗ ರೀಸ್ಟಾರ್ಟ್ ಕಡೆಗೆ. ಮೊದಲು ಒಂದು ಪುಕ್ಕಟೆ ಪರೀಕ್ಷೆ: ಕಂಪ್ಯೂಟರ್ ಆನ್ ಮಾಡಿ ಬಯಾಸ್‌ಗೆ ಹೋಗಿ ಅಲ್ಲೇ ಒಂದು ಗಂಟೆ ಬಿಡಿ. ಅಲ್ಲೂ ರೀಸ್ಟಾರ್ಟ್ ಆದರೆ ವಿಂಡೋಸ್, ಡ್ರೈವರ್, ವೈರಸ್ ಮೂರನ್ನೂ ಪಟ್ಟಿಯಿಂದ ಹೊಡೆದುಹಾಕಿ. ಆಮೇಲೆ ಹಾರ್ಡ್ ಡಿಸ್ಕ್‌ನ ಎರಡೂ ವೈರ್ ತೆಗೆದು ಮತ್ತೆ ಹಾಗೇ ಬಿಡಿ. ಆಗಲೂ ರೀಸ್ಟಾರ್ಟ್ ಆದರೆ ಡಿಸ್ಕ್ ಕೂಡ ಪಟ್ಟಿಯಿಂದ ಹೊರಗೆ. ಬಯಾಸ್‌ನಲ್ಲಿ ಕೆಲಸದ ಹೊರೆ ಇರುವುದಿಲ್ಲ, ಹಾಗಾಗಿ ಅಲ್ಲಿ ಪಾಸಾದರೆ ಪವರ್ ಸಪ್ಲೈ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಫೇಲ್ ಆದರೆ ಮಾತ್ರ ಇದರ ಉಪಯೋಗ.

ಇನ್ನೊಂದು, ಯಾರೂ ಅನುಮಾನ ಪಡದ ಆಸಾಮಿ: ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್. ಧೂಳು ಸೇರಿ ಅರ್ಧ ಒತ್ತಿಕೊಂಡೇ ಇದ್ದರೆ ಮೇಜು ಅಲ್ಲಾಡಿದರೂ ರೀಸ್ಟಾರ್ಟ್ ಆಗುತ್ತದೆ. ಮದರ್‌ಬೋರ್ಡ್ ಮೂಲೆಯಲ್ಲಿ ಅದರ ಎರಡು ಪಿನ್‌ನ ಪುಟ್ಟ ಕನೆಕ್ಟರ್ ಇರುತ್ತದೆ, ಕಿತ್ತು ಪಕ್ಕಕ್ಕಿಡಿ. ಅದಿಲ್ಲದೆ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ.

ಪವರ್ ಸಪ್ಲೈ ಸುಸ್ತಾಗಿದ್ದರೆ ಅದಕ್ಕೊಂದು ಚಹರೆ ಇರುತ್ತದೆ. ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ, ಎಕ್ಸ್‌ಟರ್ನಲ್ ಡ್ರೈವ್ ಚುಚ್ಚಿದ ಕ್ಷಣಕ್ಕೆ ಫಟ್ ಅನ್ನುತ್ತದೆ, ಸುಮ್ಮನಿದ್ದಾಗ ಏನೂ ಆಗುವುದಿಲ್ಲ. ಬಯಾಸ್‌ನ ಹಾರ್ಡ್‌ವೇರ್ ಮಾನಿಟರ್‌ನಲ್ಲಿ 12 ವೋಲ್ಟ್ ಸಾಲು 11.4ರಿಂದ 12.6ರೊಳಗೆ, 5 ವೋಲ್ಟ್ ಸಾಲು 4.75ರಿಂದ 5.25ರೊಳಗೆ ಇರಬೇಕು. ಹೊರಗಿದ್ದರೆ ಅನುಮಾನ ಗಟ್ಟಿ. ಒಳಗಿದ್ದರೆ ಖಾತ್ರಿ ಅಂತಲ್ಲ, ಯಾಕೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕುಸಿತ ಅಲ್ಲಿ ಕಾಣುವುದೇ ಇಲ್ಲ. ನಂಬಬಹುದಾದ ಪರೀಕ್ಷೆ ಅಂದರೆ ಚೆನ್ನಾಗಿರುವ ಇನ್ನೊಂದು ಪವರ್ ಸಪ್ಲೈ ಎರವಲು ತಂದು ಹಾಕಿ ನೋಡುವುದು. ಹಾಗೆ ಮಾಡುವಾಗ ವೈರ್‌ಗಳನ್ನೂ ಹೊಸದರದ್ದೇ ಹಾಕಿ. ಬಿಚ್ಚಬಹುದಾದ ವೈರ್‌ಗಳ ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗುತ್ತದೆ. ಮತ್ತೆ, ಪವರ್ ಸಪ್ಲೈ ಡಬ್ಬ ಬಿಚ್ಚಿ ರಿಪೇರಿಗೆ ಕೂರಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರುತ್ತದೆ.

ಮದರ್‌ಬೋರ್ಡ್ ಮೇಲೆ ಟಾರ್ಚ್ ಬಿಟ್ಟು ನೋಡಿ. ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಅಂಟು ಹೊರಬಂದಿದ್ದರೆ ನೀವು ಹುಡುಕುತ್ತಿದ್ದದ್ದು ಸಿಕ್ಕಿತು.

ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ ಕೆಲವು ದಿನ ನೋಡಿ. ಬ್ಯಾಟರಿ ಸತ್ತ ಯುಪಿಎಸ್, ಕರೆಂಟ್ ಒಂದು ಕ್ಷಣ ಅಲುಗಿದರೂ ಕೈಬಿಡುತ್ತದೆ. ಮನೆಯ ಲೈಟ್ ಮಿನುಗಿದ ಹೊತ್ತಿಗೇ ರೀಸ್ಟಾರ್ಟ್ ಆಗುತ್ತಿದ್ದರೆ ಕಂಪ್ಯೂಟರ್ ಬಿಚ್ಚುವ ಅಗತ್ಯವೇ ಇರಲಿಲ್ಲ.

ಬಿಸಿ ಮತ್ತು ರ‍್ಯಾಮ್

ಎಚ್‌ಡಬ್ಲ್ಯೂಇನ್ಫೋ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು ಕೆಲಸ ಮಾಡುವಾಗಿನ ತಾಪಮಾನ ನೋಡಿ. ಪ್ರೊಸೆಸರ್ 95-100 ಡಿಗ್ರಿ ಮುಟ್ಟುತ್ತಿದ್ದರೆ ಕೂಲರ್‌ನ ಧೂಳು ತೆಗೆದು ಥರ್ಮಲ್ ಪೇಸ್ಟ್ ಹೊಸದು ಹಚ್ಚಿ. ಊದುವಾಗ ಫ್ಯಾನ್ ರೆಕ್ಕೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಹಾರ್ಡ್ ಡಿಸ್ಕ್ 30ರಿಂದ 45 ಡಿಗ್ರಿ ಇದ್ದರೆ ಸರಿ, 55 ದಾಟಿದರೆ ಅದಕ್ಕೆ ಗಾಳಿ ಬೇಕು. ಬಿಸಿ ಜಾಸ್ತಿಯಾದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಕ್ಕಿಂತ ಪೂರ್ತಿ ಆಫ್ ಆಗುವುದೇ ಹೆಚ್ಚು.

ರ‍್ಯಾಮ್‌ಗೆ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಮೊದಲ ಹೆಜ್ಜೆ, ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸುವುದು ಸರಿಯಾದ ಪರೀಕ್ಷೆ. ಒಂದೇ ಒಂದು ಎರರ್ ಬಂದರೂ ಅದು ಫೇಲ್, ಇಲ್ಲಿ ರಿಯಾಯಿತಿ ಇಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ಮತ್ತೊಮ್ಮೆ ನೋಡಿ, ಆಮೇಲೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಫೈಲ್ ಕಾಪಿ ಮಾಡಿದ್ದರೆ ಕಾಪಿಯಾದ ಫೈಲ್‌ಗಳೂ ಒಳಗೇ ಕೆಟ್ಟಿರಬಹುದು, ಮುಖ್ಯವಾದವನ್ನು ತೆರೆದು ನೋಡಿಕೊಳ್ಳಿ.

ರಿಪೇರಿ ಮತ್ತು ಬದಲಿ

ಸ್ಮಾರ್ಟ್ ಚೆನ್ನಾಗಿದೆ, ಕೇಬಲ್ ಸರಿ ಇದೆ, ಕಾಪಿಯೂ ಆಗಿದೆ ಅಂದಾಗ ಮಾತ್ರ ಚೆಕ್ ಡಿಸ್ಕ್. ಸಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್. ಫಟ್ ಅಂತ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್‌ನಲ್ಲಿ ಫೈಲ್ ಸಿಸ್ಟಮ್ ಅಲ್ಲಲ್ಲಿ ಕೆಟ್ಟಿರುವುದು ಸಹಜ. ಆದರೆ ರೀಸ್ಟಾರ್ಟ್‌ನ ಮೂಲ ಕಾರಣ ಸರಿ ಮಾಡದೆ ಇದನ್ನು ಓಡಿಸಿದರೆ, ರಿಪೇರಿ ಮಧ್ಯದಲ್ಲೇ ಕರೆಂಟ್ ಹೋದ ಹಾಗಾಗುತ್ತದೆ.

ಡಿಸ್ಕ್ ಬದಲಿಸಲೇಬೇಕಾದರೆ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಸಾಟಾ ಎಸ್‌ಎಸ್‌ಡಿಯೇ ಸೆಕೆಂಡಿಗೆ ಸುಮಾರು 500 ಎಂಬಿ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ 10 ಮಿಲಿಸೆಕೆಂಡ್ ಕಾಯುವುದು 0.1ರ ಆಸುಪಾಸಿಗೆ ಇಳಿಯುತ್ತದೆ, ವ್ಯತ್ಯಾಸ ಕಾಣುವುದೇ ಅಲ್ಲಿ. ಹಳೆಯ ಡಿಸ್ಕ್ ಚೆನ್ನಾಗಿದ್ದರೆ ಕ್ಲೋನ್‌ಜಿಲ್ಲಾದಂಥ ಪ್ರೋಗ್ರಾಮ್‌ನಿಂದ ಕ್ಲೋನ್ ಮಾಡಿ, ಅಂದರೆ ಇಡೀ ಡಿಸ್ಕ್ ಅನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಿ. ಸಿ5, ಸಿ6 ಏರಿದ್ದರೆ ಕ್ಲೋನ್ ಬೇಡ, ಹೊಸದಾಗಿ ವಿಂಡೋಸ್ ಹಾಕಿ ಕಾಪಿ ಮಾಡಿಟ್ಟ ಫೈಲ್‌ಗಳನ್ನು ತನ್ನಿ. ಕಾಪಿಗೂ ಬಾರದ ಡಿಸ್ಕ್ ಆದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಇದೆ. ಅದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ, ಎಲ್ಲಿಗೆ ನಿಲ್ಲಿಸಿತ್ತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಮಧ್ಯೆ ನಿಲ್ಲಿಸಿದರೂ ಮೊದಲಿನಿಂದ ಶುರು ಮಾಡಬೇಕಿಲ್ಲ.

ಎಸ್‌ಎಸ್‌ಡಿ ಹಾಕಿದ ಮೇಲೂ ರೀಸ್ಟಾರ್ಟ್ ಆಗುತ್ತಿದ್ದರೆ ಪವರ್ ಸಪ್ಲೈ ಮತ್ತು ರ‍್ಯಾಮ್‌ಗೆ ವಾಪಸ್ ಹೋಗಿ, ಹೊಸ ಡಿಸ್ಕ್ ಅನ್ನು ಬಯ್ಯಬೇಡಿ. ಎರಡು ವಾರ 41, 129, 153 ಬರದೆ ಇದ್ದರೆ ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಟಿಕ್ ಮತ್ತೆ ಹಾಕಿಬಿಡಿ. ತೆಗೆದ ಹಳೆಯ ಡಿಸ್ಕ್ ಅನ್ನು ‘ಬ್ಯಾಕಪ್‌ಗೆ ಆಗುತ್ತೆ’ ಅಂತ ಎತ್ತಿಡುವವರು ಜಾಸ್ತಿ. ಕೆಟ್ಟ ಸೆಕ್ಟರ್ ಇರುವ ಡಿಸ್ಕ್ ಬ್ಯಾಕಪ್‌ಗೆ ಆಗುವುದಿಲ್ಲ. ಬೇರೆಯವರಿಗೆ ಕೊಡುವ ಅಥವಾ ಗುಜರಿಗೆ ಹಾಕುವ ಮುಂಚೆ ಅದರಲ್ಲಿರುವುದನ್ನು ಪೂರ್ತಿ ಅಳಿಸಿ. ಅಳಿಸೋಕೂ ಆಗದ ಸ್ಥಿತಿಯಲ್ಲಿದ್ದರೆ ಸ್ಕ್ರೂ ಬಿಚ್ಚಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ತಟ್ಟೆಗಳನ್ನು ಹಾಳು ಮಾಡಿ. ಕೆಲವು ತಟ್ಟೆಗಳು ಗಾಜಿನವು, ಚೂರು ಹಾರುತ್ತವೆ.